ಎರಡು ರಿಂಗ್ ಆಳ

ಸ್ಟ್ರಾಬೆರಿ ಗಿಡಕ್ಕೆ ಉಪ್ಪು ಆಗುವುದಿಲ್ಲ. ತೆಂಗು ಸಹಿಸಿಕೊಳ್ಳುತ್ತದೆ, ಮಲ್ಲಿಗೆ ನಾಲ್ಕು ದಿನ ಮುನಿಸಿಕೊಂಡು ಮತ್ತೆ ಚಿಗುರುತ್ತದೆ. ಸ್ಟ್ರಾಬೆರಿ ಹಾಗಲ್ಲ, ನೀರಿನಲ್ಲಿ ಚಿಟಿಕೆ ಉಪ್ಪು ಹೆಚ್ಚಾದರೂ ಎಲೆಯ ಅಂಚು ಸುಟ್ಟುಹೋಗುತ್ತದೆ. ಕಾಪುವಿನಿಂದ ದಕ್ಷಿಣಕ್ಕೆ, ಹೆದ್ದಾರಿ ಬಿಟ್ಟು ಸಮುದ್ರದ ಕಡೆಗೆ ಇಳಿದಲ್ಲಿ, ಮೂವತ್ತು ಸೆಂಟ್ಸ್ ಮರಳು ಜಾಗದಲ್ಲಿ ಅಂಥ ಆರು ಸಾವಿರ ಗಿಡಗಳಿದ್ದವು. ಮಳೆ ಬೀಳುವ ತನಕ ಅವುಗಳಿಗೆ ಉಪ್ಪಿಲ್ಲದ ನೀರು ಕೊಡುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಗಿಡಗಳನ್ನು ಉಳಿಸಲಿಲ್ಲ. ಅದನ್ನು ಹೇಗೋ ಮರೆತೇನು. ಪಕ್ಕದ ಮನೆಯ ಬಾವಿಗೆ ಮಾಡಿದ್ದನ್ನು ಮರೆಯಲು ಆಗುತ್ತಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ಜಾಗದ ಮಾಲಕಿ ಮಸ್ಕತ್ತಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು. ಊರಿನಲ್ಲಿ ಎಲ್ಲರಿಗೂ ಅವರು ಸಿಸ್ಟರ್. ಅವರ ಮಲ್ಲಿಗೆ ಗಿಡಗಳಿಗೆ ಹನಿ ನೀರಾವರಿಯ ಪೈಪು ಎಳೆಯಲು ಹೋಗಿದ್ದ ನನ್ನ ಮುಂದೆ ಒಂದು ದಿನ ಸ್ಟ್ರಾಬೆರಿಯ ಮಾತು ತೆಗೆದರು. ನಾನು ನಕ್ಕೆ. "ನಗಬೇಡಿ, ಮರುಭೂಮಿಯಲ್ಲಿ ಬೆಳೆಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀರು ಲೆಕ್ಕದಲ್ಲಿ ಕೊಡುವವರು ಒಬ್ಬರು ಬೇಕು, ಅಷ್ಟೇ" ಎಂದರು. ಲೆಕ್ಕದಲ್ಲಿ ನೀರು ಕೊಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಗರ್ವ ನನಗಿತ್ತು. ಮರುಭೂಮಿಯ ಮಾತು ಕೇಳಿದ ಮೇಲಂತೂ ಹಠವೇ ಬಂತು. ನಮ್ಮ ಕರಾವಳಿಗೆ ಮಳೆನಾಡೆಂದು ಹೆಸರು ಮಾತ್ರ, ದೀಪಾವಳಿ ಕಳೆದ ಮೇಲೆ ಆರು ತಿಂಗಳು ಆಕಾಶದಿಂದ ಒಂದು ಹನಿ ಇಳಿಯುವುದಿಲ್ಲ.

ನವೆಂಬರಿನಲ್ಲಿ ಸಸಿ ನೆಟ್ಟೆವು. ಏರುಮಡಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯಡಿ ಹನಿ ಪೈಪು, ತಲೆಯ ಮೇಲೆ ನೆರಳು ಪರದೆ. ಕಡಿಯಾಳಿಯ ನನ್ನ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಹೊರಟರೆ ಏಳರೊಳಗೆ ಅಲ್ಲಿರುತ್ತಿದ್ದೆ. ಮೊದಲ ಕೆಲಸ ಬಾವಿಗೆ ಕೊಡಪಾನ ಇಳಿಸಿ ನೀರೆತ್ತಿ ಉಪ್ಪಿನ ಮೀಟರನ್ನು ಅದ್ದುವುದು. ಮೀಟರು ಸೊನ್ನೆ ಪಾಯಿಂಟ್ ನಾಲ್ಕು ತೋರಿಸಿದರೆ ಗಿಡಕ್ಕೆ ಹಬ್ಬ, ಒಂದರ ಹತ್ತಿರ ಬಂದರೆ ಅಪಾಯ. ಓದಿದ್ದನ್ನು ಬರೆದುಕೊಂಡು, ಗೊಬ್ಬರದ ಡ್ರಮ್ಮು ಕಲಕಿ, ಪಂಪು ಹಾಕುತ್ತಿದ್ದೆ. ಮಧ್ಯಾಹ್ನ ಇನ್ನೊಂದು ಸಲ ನೀರು. ಆಮೇಲೆ ಮಡಿಯಲ್ಲಿ ಬೆರಳು ತೂರಿ ತೇವ ನೋಡುವುದು, ಪೈಪಿನಲ್ಲಿ ಕಟ್ಟಿಕೊಂಡ ತೂತುಗಳನ್ನು ಸೂಜಿಯಲ್ಲಿ ಬಿಡಿಸುವುದು. ಜನವರಿಯಲ್ಲಿ ಹಣ್ಣು ಬಂತು. ಸಿಸ್ಟರ್ ಮೊದಲ ಹಣ್ಣನ್ನು ನಾಲ್ಕು ಹೋಳು ಮಾಡಿ ನನಗೊಂದು, ಬೇಲಿಯಾಚೆಯ ಅಕ್ಕನಿಗೊಂದು ಕೊಟ್ಟರು.

ಈ ಅಕ್ಕ ಒಣಮೀನು ಮಾರುವವರು. ಅವರ ಮನೆ ನಮ್ಮ ಜಾಗಕ್ಕೂ ಉಪ್ಪುನೀರಿನ ತೋಡಿಗೂ ನಡುವೆ. ಸಮುದ್ರ ಉಬ್ಬಿ ಭರತ ಬಂದಾಗ ಆ ತೋಡಿನಲ್ಲಿ ಸಮುದ್ರದ ನೀರೇ ಮೇಲೇರುತ್ತದೆ. ತೋಡಿಗೆ ಅಷ್ಟು ಹತ್ತಿರವಿದ್ದೂ ಅವರ ಬಾವಿಯ ನೀರು ಸಿಹಿ. ನಾಲ್ಕು ಮನೆಯವರು ಅದನ್ನೇ ಕುಡಿಯುತ್ತಿದ್ದರು. ಬಾವಿ ಎಂದರೆ ನನ್ನ ಕಣ್ಣಿಗೆ ಅದು ಬಾವಿಯೇ ಅಲ್ಲ, ಅಗಲವಾದ ಹೊಂಡ. ಒಬ್ಬರ ಹೆಗಲ ಮೇಲೊಬ್ಬರು ನಿಂತರೆ ತಲೆ ಕಾಣುವಷ್ಟು ಆಳ, ಬದಿಗೆ ಕೆಂಪು ಮುರಕಲ್ಲು. ಇಷ್ಟು ತೆಳ್ಳಗಿನ ನೀರಿನಲ್ಲಿ ಇವರು ಮೇ ತಿಂಗಳು ದಾಟುತ್ತಾರಲ್ಲ ಎಂದು ನನಗೆ ಸೋಜಿಗವಾಗುತ್ತಿತ್ತು. ಯಾಕೆ ಆಳ ಮಾಡಿಲ್ಲ ಎಂದು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಮಾರ್ಚಿನಲ್ಲಿ ಸೆಖೆ ಏರಿತು. ಪರದೆಯೊಳಗೆ ನಿಂತರೆ ಉಸಿರು ಕಟ್ಟುವ ಹಾಗಾಗುತ್ತಿತ್ತು, ಹೂ ಉದುರತೊಡಗಿತು. ಗಿಡಗಳನ್ನು ತಂಪಾಗಿಡಲು ಮಂಜಿನ ಹಾಗೆ ನೀರು ಸಿಂಪಡಿಸುವ ಫಾಗರುಗಳನ್ನು ಕೂರಿಸಿದೆ. ಅವು ಹನಿ ಪೈಪಿಗಿಂತ ಹೆಚ್ಚು ನೀರು ಕುಡಿದವು. ವಾರದೊಳಗೆ ನಮ್ಮ ಬಾವಿ ತಳ ಕಂಡಿತು. ಪಂಪು ಹಾಕಿ ಇಪ್ಪತ್ತು ನಿಮಿಷಕ್ಕೆ ಗಾಳಿ ಎಳೆದು ಕೂಗುತ್ತಿತ್ತು. ಗಿಡಗಳ ತುಂಬ ಕಾಯಿ, ಏಪ್ರಿಲ್ ಕೊನೆಯ ತನಕ ಎಳೆದರೆ ಕರಾವಳಿಯಲ್ಲಿ ಯಾರೂ ಮಾಡದ್ದನ್ನು ನಾವು ಮಾಡಿದಂತೆ.

ನಾನು ಕಾರ್ಕಳದವಳು. ನಮ್ಮಲ್ಲಿ ಬಾವಿ ಬತ್ತಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಏಪ್ರಿಲಿನಲ್ಲಿ ಆಳುಗಳು ಇಳಿಯುತ್ತಾರೆ, ಕೆಸರು ತೆಗೆಯುತ್ತಾರೆ, ಇನ್ನೆರಡು ಮೊಳ ಕಡಿಯುತ್ತಾರೆ, ಕಲ್ಲಿನ ಸಂದಿನಿಂದ ಒಸರು ಜಿನುಗುತ್ತದೆ. ಕೆಳಗೆ ಹೋದಷ್ಟೂ ನೀರು. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ನೋಡುತ್ತ ಬೆಳೆದದ್ದು. ಹಾಗಾಗಿ ಸಿಸ್ಟರ್ "ಈಗ ಎಂತ ಮಾಡುವುದು?" ಎಂದು ಕೇಳಿದಾಗ ಯೋಚನೆಯನ್ನೇ ಮಾಡದೆ ಹೇಳಿದೆ, "ಎರಡು ರಿಂಗ್ ಇಳಿಸುವ." ಮರಳು ಜಾಗದಲ್ಲಿ ಬಾವಿಗೆ ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಡುತ್ತಾರೆ. ಒಳಗಿನ ಮರಳು ತೆಗೆದ ಹಾಗೆ ಅವು ಕೆಳಗಿಳಿಯುತ್ತವೆ, ಮೇಲೆ ಹೊಸದನ್ನು ಕೂರಿಸಬೇಕು.

ಬಾವಿ ಕೆಲಸದವರು ಬಂದ ದಿನ ಅಕ್ಕ ಮೀನಿನ ಬುಟ್ಟಿ ಇಳಿಸಿ ಬೇಲಿಯ ಹತ್ತಿರ ನಿಂತರು.

"ಆಳ ಮಾಡ್ತೀರಾ ಮೇಡಂ?"

"ಹೌದು ಅಕ್ಕ, ನೀರು ಸಾಲುವುದಿಲ್ಲ."

"ಇಲ್ಲಿ ನೆಲದ ಅಡಿಗೆ ಹೋಗ್ಲಿಕ್ಕಿಲ್ಲ. ನಮ್ಮವರೆಲ್ಲ ಬದಿಗೆ ಹೋಗುವುದು. ಅಗಲ ಮಾಡಿ, ನೀರು ಬರ್ತದೆ."

"ಅಗಲ ಮಾಡಿದರೆ ಎರಡು ಸಾಲು ಗಿಡ ಹೋಗ್ತದೆ ಅಕ್ಕ. ಜಾಗ ಎಲ್ಲುಂಟು?"

"ಅದು ಹೌದು" ಎಂದು ಅವರು ಗಿಡಗಳನ್ನೊಮ್ಮೆ ನೋಡಿದರು. "ಆದರೂ ಅಡಿಗೆ ಬೇಡ ಮಾರಾಯ್ರೆ."

ನಾನು ನಗುತ್ತಲೇ ತಲೆಯಾಡಿಸಿದೆ. ಹಿರಿಯರ ಮಾತಿಗೆ ಮರ್ಯಾದೆ ಕೊಟ್ಟಂತೆಯೂ ಆಗಬೇಕು, ಕೇಳಬೇಕಾಗಿಯೂ ಬರಬಾರದು, ಅಂಥ ನಗು. ಅದು ನನಗೆ ಚೆನ್ನಾಗಿ ಬರುತ್ತದೆ.

ಮೊದಲ ರಿಂಗು ಸಲೀಸಾಗಿ ಇಳಿಯಿತು. ಎರಡನೆಯದು ಅರ್ಧ ಇಳಿದಾಗ ಕೆಳಗಿದ್ದ ಕೆಲಸದವನು ಮೇಲೆ ಕೂಗಿದ, "ಮೇಡಂ, ಕಪ್ಪು ಜೇಡಿ ಸಿಕ್ಕಿತು. ನಿಲ್ಲಿಸುವುದಾ?" ಬಕೆಟಿನಲ್ಲಿ ಬಂದದ್ದನ್ನು ಕೈಯಲ್ಲಿ ಹಿಡಿದು ನೋಡಿದೆ. ನುಣ್ಣಗಿನ ಕಪ್ಪು ಮಣ್ಣು, ನಡುವೆ ಸಣ್ಣ ಚಿಪ್ಪುಗಳು, ಕೊಳೆತ ವಾಸನೆ. ನಮ್ಮ ಕಡೆಯ ಮುರಕಲ್ಲಿನ ನಾಡಿನಲ್ಲಿ ಜೇಡಿ ಸಿಕ್ಕಿದರೆ ಅದನ್ನು ದಾಟಬೇಕು, ನೀರು ಅದರ ಕೆಳಗಿರುತ್ತದೆ. "ಪೂರ್ತಿ ಇಳಿಸಿ" ಎಂದೆ. ಜೇಡಿ ಮೊಣಕಾಲಷ್ಟೇ ದಪ್ಪವಿತ್ತು. ಅದನ್ನು ತೂತು ಮಾಡಿದ ಕೂಡಲೇ ನೀರು ಬುಸ್ಸೆಂದು ಎದ್ದು ಕೆಲಸದವನ ಸೊಂಟದ ತನಕ ಬಂತು. ಅವನು ಗಡಬಡಿಸಿ ಹಗ್ಗ ಹಿಡಿದು ಮೇಲೆ ಬಂದ. ಸಿಸ್ಟರ್ ಚಪ್ಪಾಳೆ ತಟ್ಟಿದರು. ನಾನು ಬೇಲಿಯಾಚೆ ಕಣ್ಣು ಹಾಯಿಸಿದೆ, ಅಕ್ಕ ನೋಡುತ್ತಿದ್ದಾರೋ ಎಂದು. ಅವರು ಸಂತೆಗೆ ಹೋಗಿಯಾಗಿತ್ತು.

ಮರುದಿನ ಬೆಳಿಗ್ಗೆ ಮೀಟರು ಸೊನ್ನೆ ಪಾಯಿಂಟ್ ಐದು ತೋರಿಸಿತು. ಅದರ ಮರುದಿನವೂ ಅಷ್ಟೇ. ಪಂಪು ಒಂದು ಗಂಟೆ ಓಡಿದರೂ ಬಾವಿ ಬತ್ತಲಿಲ್ಲ. ನಾನು ಫಾಗರುಗಳನ್ನು ದಿನಕ್ಕೆ ನಾಲ್ಕು ಸಲ ಬಿಟ್ಟೆ.

ಹತ್ತು ದಿನ ಕಳೆದಾಗ ಹಣ್ಣು ಗಾತ್ರದಲ್ಲಿ ಸ್ವಲ್ಪ ಸಣ್ಣದಾಯಿತು, ಆದರೆ ರುಚಿ! ಅಂಥ ಸಿಹಿ ಜನವರಿಯಲ್ಲೂ ಇರಲಿಲ್ಲ. ಸಿಸ್ಟರ್ ಒಂದು ಡಬ್ಬಿ ತುಂಬಿ ಅಕ್ಕನ ಮನೆಗೆ ಕಳಿಸಿದರು. "ಬಿಸಿಲಿಗೆ ಸಕ್ಕರೆ ಕಟ್ಟಿದೆ" ಎಂದು ನಾನು ವಿವರಣೆಯನ್ನೂ ಕೊಟ್ಟೆ. ಬೇರಿನ ಬುಡದಲ್ಲಿ ಉಪ್ಪು ಸೇರಿ ಗಿಡ ನೀರೆಳೆದುಕೊಳ್ಳಲಾರದೆ ಒದ್ದಾಡುವಾಗ ಹಣ್ಣಿನಲ್ಲಿ ನೀರು ಕಡಿಮೆಯಾಗಿ ಸಿಹಿ ಗಟ್ಟಿಯಾಗುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಸಂತೋಷದಲ್ಲಿದ್ದೆ, ನಾಚಿಕೆಯಾಗುತ್ತದೆ ಹೇಳಲು.

ಎಲೆಯ ಅಂಚು ಕಂದಾಗತೊಡಗಿದ್ದು ಮೂರನೆಯ ವಾರ. ಉಪ್ಪಿನ ಗುರುತು ಅದು, ಗೊತ್ತಾಯಿತು. ಆದರೆ ಬಾವಿಯ ನೀರನ್ನು ದಿನವೂ ಬೆಳಿಗ್ಗೆ ನಾನೇ ಅಳೆಯುತ್ತಿದ್ದೆನಲ್ಲ, ಅದರಲ್ಲಿ ತಪ್ಪಿಲ್ಲ. ಹಾಗಾದರೆ ಇದು ಗೊಬ್ಬರದ ಉಪ್ಪು, ಮಡಿಯಲ್ಲಿ ಸೇರಿಕೊಂಡಿದೆ. ಅದಕ್ಕೆ ಮದ್ದು ಗೊಬ್ಬರ ನಿಲ್ಲಿಸಿ ಬರೇ ನೀರನ್ನು ಹೆಚ್ಚು ಬಿಟ್ಟು ಮಡಿಯನ್ನು ತೊಳೆಯುವುದು. ತೊಳೆದೆ. ಒಂದು ಗಂಟೆಯ ಪಂಪು ಎರಡೂವರೆ ಗಂಟೆಯಾಯಿತು. ಕಂದು ಅಂಚಿನಿಂದ ಒಳಕ್ಕೆ ಬಂತು. ನಾನು ಇನ್ನೂ ತೊಳೆದೆ.

ಹಾಗೆ ತೊಳೆಯುತ್ತಿದ್ದ ಐದನೆಯ ದಿನ ಅಕ್ಕ ಬೇಲಿಯಾಚೆಯಿಂದ ಕರೆದರು. "ಬನ್ನಿ ಮೇಡಂ, ಮುಖ ಎಂತ ಅಷ್ಟು ಬಾಡಿದೆ? ಒಂದು ಚಹಾ ಕುಡಿದು ಹೋಗಿ."

ಜಗಲಿಯಲ್ಲಿ ಕುಳಿತೆ. ಒಳಗಿನಿಂದ ಅವರು ಗೊಣಗುವುದು ಕೇಳಿತು. ಲೋಟ ತಂದು ಕೈಗೆ ಕೊಟ್ಟು ಹೇಳಿದರು, "ಬೇಜಾರು ಮಾಡ್ಬೇಡಿ, ಹಾಲು ಸ್ವಲ್ಪ ಒಡೆದ ಹಾಗೆ ಉಂಟು. ಒಂದು ವಾರದಿಂದ ಹೀಗೇ. ಹಾಲಿನವನಿಗೆ ನಿನ್ನೆ ಬೈದೆ, ಪಾಪ, ಅವನು ಒಳ್ಳೆ ಹಾಲೇ ಅಂತ ಆಣೆ ಹಾಕ್ತಾನೆ."

ಒಂದು ಗುಟುಕು ಕುಡಿದೆ. ಸಕ್ಕರೆಯ ಹಿಂದೆ ಉಪ್ಪು ಬಂತು. ಹಾಲಿನದ್ದಲ್ಲ ಅದು. ನನ್ನ ನಾಲಿಗೆಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ದಿನವೂ ಅದೇ ನೀರು ಕುಡಿಯುವವರಿಗೆ ಇಷ್ಟಿಷ್ಟೇ ಏರಿದ ಉಪ್ಪು ತಿಳಿಯುವುದಿಲ್ಲ. ನಾನು ಕಡಿಯಾಳಿಯ ನೀರು ಕುಡಿದು ಬಂದವಳು.

"ಅಕ್ಕ, ಬಾವಿಯ ನೀರು ಒಂದು ಲೋಟ ಕೊಡ್ತೀರಾ?" ಎಂದೆ. ಚಹಾ ಬಿಸಿಯಾಯಿತೆಂದು ತಿಳಿದು ತಂದುಕೊಟ್ಟರು. ಚೀಲದಿಂದ ಮೀಟರು ತೆಗೆದು ಅದ್ದಿದೆ. ಎರಡು ಪಾಯಿಂಟ್ ಒಂದು. ಒರೆಸಿ ಮತ್ತೆ ಅದ್ದಿದೆ. ಅಷ್ಟೇ.

"ಎಂತ ಬಂತು?" ಅಕ್ಕ ಕೇಳಿದರು.

"ನೋಡ್ಬೇಕು ಅಕ್ಕ. ಮೀಟರು ಸರಿ ಇಲ್ಲವೋ ಏನೋ" ಎಂದು ಸುಳ್ಳು ಹೇಳಿ ಎದ್ದು ಬಂದೆ.

ಬಂದವಳೇ ಓಡುತ್ತಿದ್ದ ಪಂಪಿನ ಕೊನೆಯ ಪೈಪಿನಿಂದ ನೀರು ಹಿಡಿದೆ. ಮೂರಕ್ಕೆ ಸ್ವಲ್ಪ ಕಡಿಮೆ. ಅದೇ ಬಾವಿಗೆ ಕೊಡಪಾನ ಇಳಿಸಿ ಮೇಲಿನ ನೀರು ತೆಗೆದರೆ ಒಂದು ಪಾಯಿಂಟ್ ಎರಡು. ಉಪ್ಪುನೀರು ಭಾರ, ಸಿಹಿನೀರು ಹಗುರ. ರಾತ್ರಿಯಿಡೀ ಪಂಪು ನಿಂತಿದ್ದರಿಂದ ಬೆಳಗಾಗುವಾಗ ಸಿಹಿ ಮೇಲೆ ತೇಲಿರುತ್ತಿತ್ತು. ನಾನು ಏಳು ಗಂಟೆಗೆ ಬಂದು ಆ ಕೆನೆಯನ್ನು ಅಳೆದು ಪುಸ್ತಕದಲ್ಲಿ ಚಂದವಾಗಿ ಬರೆದುಕೊಳ್ಳುತ್ತಿದ್ದೆ. ಪಂಪಿನ ಬಾಯಿ ಇದ್ದದ್ದು ಕೆಳಗೆ, ಎರಡನೆಯ ರಿಂಗಿನಲ್ಲಿ. ಅದು ಜೇಡಿಯ ತೂತಿನಿಂದ ಸಮುದ್ರವನ್ನೇ ಎಳೆಯುತ್ತಿತ್ತು. ನಾನು ತೊಳೆದಷ್ಟೂ ಹೆಚ್ಚು ಎಳೆಯುತ್ತಿತ್ತು. ಇಲ್ಲಿಯ ಸಿಹಿನೀರೆಲ್ಲ ಆ ಜೇಡಿಯ ಮೇಲೆ ನಿಂತ ಮಳೆನೀರು. ತೂತಿನಿಂದ ಮೇಲೆದ್ದ ಉಪ್ಪು ಅದರೊಳಗೆ ಹರಡಿ ಅಕ್ಕನ ಬಾವಿಯನ್ನೂ ಸೇರಿತ್ತು. ಅಕ್ಕನ ಮನೆಯವರು ಬಾವಿಯನ್ನು ಅಗಲ ಮಾಡಿ ಆಳ ಮಾಡದೆ ಇದ್ದದ್ದು ಅದಕ್ಕೆ.

ಕಾರಣ ಗೊತ್ತಾದ ಮೇಲೂ ನಾನು ಎರಡು ದಿನ ಸುಮ್ಮನಿದ್ದೆ. ಎರಡೂ ಬಾವಿಗಳ ನೀರನ್ನು ಬಾಟಲಿಗಳಲ್ಲಿ ತುಂಬಿ ಮಣಿಪಾಲದ ಪ್ರಯೋಗಾಲಯವೊಂದಕ್ಕೆ ಕೊಟ್ಟು ವರದಿಗಾಗಿ ಕಾದೆ. ವರದಿಯಲ್ಲಿ ಏನಿರುತ್ತದೆಂದು ಗೊತ್ತಿತ್ತು. ಹೇಳುವುದನ್ನು ಎರಡು ದಿನ ಮುಂದೂಡಲು ಅದೊಂದು ನೆಪ. ಆ ಎರಡು ದಿನವೂ ನಾಲ್ಕು ಮನೆಯವರು ಅದೇ ನೀರು ಕುಡಿದರು. ಗಿಡ ಸತ್ತದ್ದಕ್ಕಿಂತ ಈ ಎರಡು ದಿನ ನನಗೆ ಹೆಚ್ಚು ಅಸಹ್ಯ.

ವರದಿ ಹಿಡಿದುಕೊಂಡು ಸಿಸ್ಟರ್ ಜೊತೆ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಬಯ್ಯುತ್ತಾರೆಂದು ಕಾದೆ. "ಹಾಗಾದರೆ ಹಾಲಿನವನದ್ದು ತಪ್ಪಿಲ್ಲ" ಎಂದಷ್ಟೇ ಹೇಳಿದರು. ಆಮೇಲೆ ಕೇಳಿದರು, "ಸರಿ ಆಗ್ತದಾ?"

"ಪ್ರಯತ್ನ ಮಾಡ್ತೇನೆ ಅಕ್ಕ."

ಪಂಪಿನ ಬಾಯಿಯನ್ನು ನೀರಿನ ಮೇಲ್ಮೈಗೆ ಎತ್ತಿ ತೇಲುವ ಕ್ಯಾನಿಗೆ ಕಟ್ಟಿದೆ. ಇಪ್ಪತ್ತು ನಿಮಿಷ ಎಳೆಯುವುದು, ನಾಲ್ಕು ಗಂಟೆ ಬಿಡುವುದು. ಫಾಗರು ಬಂದ್. ಅರ್ಧದಷ್ಟು ಮಡಿಗಳ ವಾಲ್ವು ತಿರುಗಿಸಿ ಆ ಗಿಡಗಳ ಕೈಬಿಟ್ಟೆ. ಮೂರು ದಿನ ಉಪ್ಪು ಇಳಿಯಿತು, ನನಗೆ ಜೀವ ಬಂತು. ನಾಲ್ಕನೆಯ ದಿನ ದೊಡ್ಡ ಭರತ. ನಮ್ಮ ಬಾವಿ ಮತ್ತೆ ಎರಡಕ್ಕೆ ಏರಿತು, ಅಕ್ಕನದ್ದು ಎರಡೂವರೆ. ಅಕ್ಕ ಮತ್ತು ಉಳಿದ ಮೂರು ಮನೆಯ ಹೆಂಗಸರು ರಸ್ತೆಬದಿಯ ಪಂಚಾಯತು ನಳ್ಳಿಯಿಂದ ಕೊಡಪಾನ ಹೊರತೊಡಗಿದ್ದರು. ಮೀನಿನ ಬುಟ್ಟಿ ಇಳಿಸಿದ ತಲೆಯ ಮೇಲೆ ಅಕ್ಕ ನೀರು ಹೊತ್ತು ಬರುವುದನ್ನು ನಾನು ಪರದೆಯೊಳಗೆ ನಿಂತು ನೋಡುತ್ತಿದ್ದೆ.

ಆ ದಿನವೇ ಪಂಪಿನ ಫ್ಯೂಸು ಕಿತ್ತು ಸಿಸ್ಟರ್ ಕೈಗೆ ಕೊಟ್ಟೆ. "ಇನ್ನು ಒಂದು ಹನಿಯೂ ಎಳೆಯುವುದು ಬೇಡ."

"ಅರ್ಧ ಗಿಡ ಇನ್ನೂ ಹಸಿರುಂಟು" ಎಂದರು ಅವರು. "ಹಣ್ಣು ಉಂಟು. ಇನ್ನು ಹತ್ತು ದಿನ ಅಷ್ಟೇ ಅಲ್ವಾ?"

"ಹತ್ತು ದಿನ ಎಳೆದರೆ ಆ ಬಾವಿ ಈ ಬೇಸಿಗೆಯಲ್ಲಿ ಏಳುವುದಿಲ್ಲ ಸಿಸ್ಟರ್."

"ನಿಲ್ಲಿಸಿದರೆ ಏಳ್ತದಾ?"

ಗೊತ್ತಿಲ್ಲ ಎಂದೆ. ಆ ಕೆಲಸ ಹಿಡಿದ ಮೇಲೆ ನಾನು ಆ ಮಾತು ಆಡಿದ್ದು ಅದೇ ಮೊದಲು. ಅವರು ಫ್ಯೂಸನ್ನು ಸೆರಗಿನ ತುದಿಗೆ ಗಂಟು ಹಾಕಿ ಒಳಗೆ ಹೋದರು. ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಏಪ್ರಿಲಿನ ಬಿಸಿಲಿಗೆ ಸ್ಟ್ರಾಬೆರಿ ಸಾಯಲು ಐದು ದಿನ ಸಾಕು. ಮೊದಲ ದಿನ ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಎದ್ದಿತು. ಎರಡನೆಯ ದಿನ ಏಳಲಿಲ್ಲ. ಕಾಯಿಗಳು ಕೆಂಪಾಗದೆಯೇ ಮುದುಡಿ ಚರ್ಮದ ಹಾಗಾದವು. ನೀರು ಕೊಡುವ ಕೆಲಸದವಳಿಗೆ ನೀರು ಕೊಡದೆ ನಿಲ್ಲುವುದು ಹೇಗೆಂದು ಗೊತ್ತಿರಲಿಲ್ಲ. ಸುಮ್ಮನೆ ಮಡಿಗಳ ನಡುವೆ ತಿರುಗಾಡುತ್ತಿದ್ದೆ, ಅಭ್ಯಾಸಬಲದಿಂದ ಬೆರಳು ತೂರಿ ತೇವ ನೋಡುತ್ತಿದ್ದೆ. ಆರನೆಯ ದಿನ ಸಿಸ್ಟರೂ ನಾನೂ ಕುಳಿತು ಗಿಡ ಕಿತ್ತೆವು.

ಬಾವಿ ಕೆಲಸದವನನ್ನು ಮತ್ತೆ ಕರೆಸಿ ಆ ಎರಡು ರಿಂಗಿನ ಆಳಕ್ಕೆ ಜೇಡಿ ತುಂಬಿಸಿ ಮೇಲೆ ಮರಳು ಹಾಕಿಸಿದೆ. ಅವನು ಮೇಲೆ ಬಂದು ಕೈ ತೊಳೆಯುತ್ತ ಹೇಳಿದ, "ನೀವು ಹೇಳಿದಿರಿ ಅಂತ ತುಂಬಿಸಿದೆ ಮೇಡಂ. ಮೊದಲಿನ ಹಾಗೆ ಕೂರುವುದಿಲ್ಲ. ರಿಂಗಿನ ಹೊರಗಿನಿಂದ ನೀರು ಏರ್ತದೆ, ಅದನ್ನು ಎಂತದ್ರಲ್ಲಿ ಮುಚ್ಚುವುದು?"

ಜೂನಿನಲ್ಲಿ ಮಳೆ ಬಂತು. ಮಳೆಗಾಲದಲ್ಲಿ ಎಲ್ಲ ಬಾವಿಗಳೂ ಒಳ್ಳೆಯವೇ. ಜುಲೈಯಲ್ಲಿ ಅಕ್ಕನ ಬಾವಿ ಸೊನ್ನೆ ಪಾಯಿಂಟ್ ಮೂರಕ್ಕೆ ಇಳಿಯಿತು. ನಾನು ಮಳೆಯಲ್ಲಿ ನೆನೆಯುತ್ತ ಮೀಟರು ಹಿಡಿದು ಮಂಗಳಾರತಿ ತೋರಿಸುವವಳ ಹಾಗೆ ಮನೆಮನೆಗೂ ತೋರಿಸಿ ಬಂದೆ. ನಾಲ್ಕೂ ಮನೆಯವರು ಮತ್ತೆ ಅದೇ ನೀರು ಕುಡಿದರು. ಸಿಸ್ಟರ್ ಜಾಗವನ್ನು ಹಾಗೇ ಬಿಟ್ಟಿದ್ದರು, ಪರದೆಯ ಕಂಬಗಳಿಗೆ ಬಳ್ಳಿ ಹಬ್ಬಿತ್ತು. ಅಲ್ಲಿ ನನಗೆ ಕೆಲಸವಿರಲಿಲ್ಲ. ಆದರೂ ಹದಿನೈದು ದಿನಕ್ಕೊಮ್ಮೆ ಅಕ್ಕನ ಬಾವಿ ಅಳೆಯಲು ಹೋಗುತ್ತಿದ್ದೆ. ಈ ಸಲ ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು, ಮೇಲಿನದ್ದು ಬೇರೆ, ತಳದ್ದು ಬೇರೆ.

ದೀಪಾವಳಿಯ ತನಕ ಏನೂ ಆಗಲಿಲ್ಲ. ನವೆಂಬರಿನಲ್ಲಿ ತಳದ ನೀರು ಒಂದಾಯಿತು. ಡಿಸೆಂಬರಿನಲ್ಲಿ ಮೇಲಿನದ್ದೂ ಒಂದು ದಾಟಿತು. ಈ ಹೊತ್ತಿಗೆ ಯಾರೂ ಅಲ್ಲಿ ಪಂಪು ಹಾಕುತ್ತಿರಲಿಲ್ಲ, ಬಾವಿ ತನ್ನಷ್ಟಕ್ಕೆ ಉಪ್ಪಾಗುತ್ತಿತ್ತು. ಅಕ್ಕನಿಗೆ ಅಂಕಿ ಹೇಳುವಾಗ ನಾನು "ಸ್ವಲ್ಪ ಏರಿದೆ, ನೋಡುವ" ಎನ್ನುತ್ತಿದ್ದೆ.

ಜನವರಿಯ ಕೊನೆಗೆ ಹೋದಾಗ ಬಾವಿಯ ಮೇಲೆ ಹಳೆಯ ಮೀನಿನ ಬಲೆಯೊಂದನ್ನು ಬಿಗಿಯಾಗಿ ಕಟ್ಟಿದ್ದರು. ರಾಟೆಯನ್ನೂ ಹಗ್ಗವನ್ನೂ ಬಿಚ್ಚಿ ತೆಗೆದಿದ್ದರು. ಬೇಲಿಯ ಬದಿಯಲ್ಲಿ ಪಂಚಾಯತಿನ ಹೊಸ ಪೈಪು, ಅದರ ತುದಿಗೆ ನಳ್ಳಿ. ಅಕ್ಕ ಅದರಡಿ ಪಾತ್ರೆಯಿಟ್ಟು ನೀರು ಬರಲೆಂದು ಕಾಯುತ್ತಿದ್ದರು.

"ಒಂದು ಹಗ್ಗ ಕೊಡ್ತೀರಾ ಅಕ್ಕ? ಅಳೆದು ಹೋಗ್ತೇನೆ."

"ಬೇಡ ಮೇಡಂ, ಇನ್ನು ಎಂತಕ್ಕೆ? ರಾಟೆ ನನ್ನ ತಂಗಿಯ ಮನೆಗೆ ಕೊಟ್ಟೆ. ಅವಳ ಬಾವಿಯದ್ದು ಮುರಿದಿತ್ತು."

ಮೀಟರನ್ನು ಚೀಲಕ್ಕೆ ಹಾಕಿದೆ. ಹತ್ತು ತಿಂಗಳಿನಿಂದ ಬಾಕಿ ಇದ್ದದ್ದನ್ನು ಹೇಳಿದೆ, "ನೀವು ಅವತ್ತೇ ಹೇಳಿದ್ದಿರಿ ಅಕ್ಕ, ಅಡಿಗೆ ಹೋಗಬೇಡಿ ಅಂತ. ನಾನು ಕೇಳಲಿಲ್ಲ."

"ಹೇಳಿದ್ದು ಹೌದು" ಎಂದರು. ಪಾತ್ರೆಯನ್ನು ಸರಿಯಾಗಿ ಇಟ್ಟರು. "ಬುಟ್ಟಿ ಮತ್ತೆ ಹೊರದೆ ಅಲ್ಲೇ ಕೂತು ನಿಲ್ಲಿಸ್ಬೇಕಿತ್ತು ನಾನು. ನೀವು ಕಲಿತವರು, ನಿಮಗೆ ಗೊತ್ತಿರ್ತದೆ ಅಂತ ಸಂತೆಗೆ ಹೋದೆ. ನನ್ನದೇ ತಪ್ಪು ಮೇಡಂ."

ಇಲ್ಲ ಅಕ್ಕ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಳ್ಳಿಯಲ್ಲಿ ನೀರು ಬಂತು, ಅವರು ಪಾತ್ರೆಯ ಕಡೆಗೆ ಬಗ್ಗಿದರು.